ಬೋ ಸ್ಟ್ರೀಟ್: ಠಾಣೆಯೂ ನ್ಯಾಯಾಲಯವೂ ಒಂದೇ ಸೂರಿನಡಿ

ಲಂಡನ್ನಿನ ಕವೆಂಟ್ ಗಾರ್ಡನ್ ಪ್ರದೇಶದಲ್ಲಿ, ರಾಯಲ್ ಒಪೆರಾ ಹೌಸ್‌ನ ಎದುರಿಗೆ, ಬೆಳ್ಳನೆಯ ಕಲ್ಲಿನ ದೊಡ್ಡ ಕಟ್ಟಡವೊಂದಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, 1879ರಿಂದ 1881ರ ನಡುವೆ, ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಮತ್ತು ಪೊಲೀಸ್ ಠಾಣೆ ಎರಡಕ್ಕೂ ಸೇರಿಸಿಯೇ ಇದನ್ನು ಕಟ್ಟಲಾಯಿತು. ನಾಟಕಕಾರ ಆಸ್ಕರ್ ವೈಲ್ಡ್, ಮಹಿಳಾ ಮತಹಕ್ಕಿನ ಹೋರಾಟಗಾರ್ತಿ ಎಮ್ಮಲೀನ್ ಪ್ಯಾಂಕ್‌ಹರ್ಸ್ಟ್, ಐರಿಷ್ ಬಂಡಾಯಗಾರ ರೋಜರ್ ಕೇಸ್‌ಮೆಂಟ್ ಮೊದಲಾದವರ ಹೆಸರುಗಳೊಂದಿಗೆ ಈ ವಿಳಾಸ ಪ್ರಸಿದ್ಧವಾಗಿದೆ. ಆದರೆ ಪ್ರಸಿದ್ಧ ಆರೋಪಿಗಳ ಪಟ್ಟಿಗಿಂತ ಹೆಚ್ಚು ಯೋಚಿಸಬೇಕಾದ ಸಂಗತಿ ಈ ಕಟ್ಟಡದ ರಚನೆಯಲ್ಲೇ ಇದೆ. ಹಿಡಿದು ತರುವವನು ಪೊಲೀಸ್. ಹಿಡಿದದ್ದು ಸರಿಯೇ ತಪ್ಪೇ ಎಂದು ನಿರ್ಧರಿಸಬೇಕಾದವನು ಮ್ಯಾಜಿಸ್ಟ್ರೇಟ್. ಇಬ್ಬರೂ ಒಂದೇ ಗೋಡೆಯ ಆಚೀಚೆ ಕುಳಿತರೆ ನ್ಯಾಯ ನಿಷ್ಪಕ್ಷಪಾತವಾಗಿದೆ ಎಂದು ಜನ ನಂಬುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಕಟ್ಟಡಕ್ಕಿಂತ ನೂರನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

1740ರಲ್ಲಿ ಥಾಮಸ್ ಡಿ ವೀಲ್ ಎಂಬ ಮ್ಯಾಜಿಸ್ಟ್ರೇಟ್ ಬೋ ಸ್ಟ್ರೀಟಿನ 4ನೇ ನಂಬರಿನ ಮನೆಗೆ ಬಂದು, ಅಲ್ಲಿಯೇ ವಾಸವಿದ್ದು, ಅಲ್ಲಿಯೇ ಕಲಾಪ ನಡೆಸತೊಡಗಿದ. ಆಗ ಲಂಡನ್ನಿನಲ್ಲಿ ಇಂದು ನಾವು ಪೊಲೀಸ್ ಎಂದು ಕರೆಯುವ ಇಲಾಖೆ ಇರಲಿಲ್ಲ. ಸರದಿಯ ಮೇಲೆ ಕೆಲಸ ಮಾಡುವ ಕಾನ್‌ಸ್ಟೇಬಲ್‌ಗಳು, ರಾತ್ರಿ ಗಸ್ತಿನ ಕಾವಲುಗಾರರು, ಬಹುಮಾನದ ಆಸೆಗೆ ಕಳ್ಳರನ್ನು ಹಿಡಿದುಕೊಡುವ ಖಾಸಗಿ ಜನ, ಇಷ್ಟೇ ಇದ್ದ ವ್ಯವಸ್ಥೆ. ಮ್ಯಾಜಿಸ್ಟ್ರೇಟರಿಗೂ ಸಂಬಳವಿರಲಿಲ್ಲ. ಮುಂದೆ ಬಂದ ಪ್ರತಿಯೊಂದು ವ್ಯಾಜ್ಯಕ್ಕೂ ಶುಲ್ಕ ವಸೂಲು ಮಾಡಿ ಅವರು ಜೀವನ ಸಾಗಿಸಬೇಕಿತ್ತು. ಹೀಗಿರುವಾಗ ಬೀದಿಜಗಳ ಹೆಚ್ಚಿದಷ್ಟೂ ಮ್ಯಾಜಿಸ್ಟ್ರೇಟರ ಆದಾಯ ಹೆಚ್ಚುತ್ತಿತ್ತು, ಲಂಚಕ್ಕಂತೂ ಬಾಗಿಲು ಸದಾ ತೆರೆದೇ ಇರುತ್ತಿತ್ತು.

ಡಿ ವೀಲ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ, 1748ರ ಕೊನೆಗೆ, ಕಾದಂಬರಿಕಾರನೂ ವಕೀಲನೂ ಆಗಿದ್ದ ಹೆನ್ರಿ ಫೀಲ್ಡಿಂಗ್ ಅದೇ ಮನೆಗೆ ಮ್ಯಾಜಿಸ್ಟ್ರೇಟನಾಗಿ ಬಂದ. ಬಡವರ ಜಗಳಗಳನ್ನು ಉರಿಸುವ ಬದಲು ರಾಜಿ ಮಾಡಿಸಿದ್ದರಿಂದ, ಕೈಯಲ್ಲಿ ಕಾಸಿಲ್ಲದವರಿಂದ ಶುಲ್ಕ ಕೀಳದೆ ಇದ್ದುದರಿಂದ, ವರ್ಷಕ್ಕೆ 500 ಪೌಂಡ್ ತರುತ್ತಿದ್ದ ಹುದ್ದೆ ತನಗೆ 300 ಪೌಂಡ್‌ಗಿಂತ ಹೆಚ್ಚೇನೂ ತರಲಿಲ್ಲವೆಂದು ಅವನೇ ಬರೆದುಕೊಂಡಿದ್ದಾನೆ. ಅವನು ಆರು ಜನ ನಂಬಿಕಸ್ಥರನ್ನು ಆರಿಸಿ ಕಳ್ಳರನ್ನು ಪತ್ತೆಹಚ್ಚುವ ಸಣ್ಣ ತಂಡವೊಂದನ್ನು ಕಟ್ಟಿದ. ಮುಂದೆ ಇವರನ್ನೇ ಬೋ ಸ್ಟ್ರೀಟ್ ರನ್ನರ್‌ಗಳು ಎಂದು ಕರೆಯಲಾಯಿತು. ಹೆನ್ರಿಯ ಆರೋಗ್ಯ ಕೆಟ್ಟು 1754ರಲ್ಲಿ ಅವನು ಲಿಸ್ಬನ್ನಿನಲ್ಲಿ ತೀರಿಕೊಂಡ ಮೇಲೆ, ಅವನ ಮಲಸಹೋದರ ಜಾನ್ ಫೀಲ್ಡಿಂಗ್ ಅದೇ ಪೀಠದಲ್ಲಿ ಸುಮಾರು 26 ವರ್ಷ ಕುಳಿತ. ಜಾನ್‌ಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಮೂರು ಸಾವಿರ ಅಪರಾಧಿಗಳನ್ನು ಬರೀ ದನಿಯಿಂದ ಗುರುತಿಸಬಲ್ಲವನೆಂಬ ಪ್ರತೀತಿ ಅವನ ಸುತ್ತ ಬೆಳೆದಿತ್ತು. ಆ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಕಳುವಾದ ಮಾಲು ಮತ್ತು ತಲೆತಪ್ಪಿಸಿಕೊಂಡವರ ಚಹರೆಗಳನ್ನು ಮುದ್ರಿಸಿ ದೇಶದ ಊರೂರಿಗೆ ಕಳುಹಿಸುವ ಪದ್ಧತಿಯನ್ನು 1770ರ ದಶಕದಲ್ಲಿ ನೆಲೆಗೊಳಿಸಿದವನು ಅವನೇ ಎಂಬುದು ಖಚಿತ. ಅಪರಾಧ ತನಿಖೆಯಲ್ಲಿ ಮಾಹಿತಿಯೇ ಆಯುಧವೆಂಬ ತಿಳಿವಳಿಕೆ ಬೋ ಸ್ಟ್ರೀಟಿನ ನಿಜವಾದ ಕೊಡುಗೆ ಎಂದು ನನಗನಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಫೀಲ್ಡಿಂಗ್ ಸಹೋದರರ ಕಾಲದಲ್ಲಿ ಪತ್ತೆದಾರರಿಗೆ ಯಜಮಾನನಾಗಿದ್ದವನೇ ಆರೋಪಿಯ ವಿಚಾರಣೆಯನ್ನೂ ನಡೆಸುತ್ತಿದ್ದ. ಅಂದರೆ ಠಾಣೆ ಮತ್ತು ನ್ಯಾಯಾಲಯ ಅಕ್ಕಪಕ್ಕದಲ್ಲಿದ್ದವು ಎನ್ನುವುದಕ್ಕಿಂತ, ಅವು ಇನ್ನೂ ಬೇರೆಯೇ ಆಗಿರಲಿಲ್ಲ ಎನ್ನುವುದು ಸರಿ. 1792ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ ಲಂಡನ್ನಿನಲ್ಲಿ ಇಂಥ ಏಳು ಕಚೇರಿಗಳನ್ನು ಸ್ಥಾಪಿಸಿ, ಪ್ರತಿಯೊಂದಕ್ಕೂ ಸಂಬಳದ ಮೂವರು ಮ್ಯಾಜಿಸ್ಟ್ರೇಟರನ್ನೂ ಬೆರಳೆಣಿಕೆಯ ಕಾನ್‌ಸ್ಟೇಬಲ್‌ಗಳನ್ನೂ ಕೊಟ್ಟಿತು. ಬೋ ಸ್ಟ್ರೀಟ್ ಆ ಕಾಯ್ದೆಯ ಹೊರಗೇ ಉಳಿಯಿತಾದರೂ ಏಳಕ್ಕೂ ಮಾದರಿ ಅದೇ ಆಗಿತ್ತು. 1829ರಲ್ಲಿ ರಾಬರ್ಟ್ ಪೀಲ್ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಸ್ಥಾಪಿಸಿದಾಗ ಹೊಸ ಪೊಲೀಸರು ಮ್ಯಾಜಿಸ್ಟ್ರೇಟರ ಕೈಕೆಳಗೆ ಬರದೆ ಕಮಿಷನರುಗಳ ಕೈಕೆಳಗೆ ಬಂದರು. ಹತ್ತು ವರ್ಷ ಹಳೆಯ ರನ್ನರ್‌ಗಳೂ ಹೊಸ ಪೇದೆಗಳೂ ಜೊತೆಜೊತೆಗೇ ಕೆಲಸ ಮಾಡಿದರು. 1839ರ ಕಾಯ್ದೆಗಳು ರನ್ನರ್‌ಗಳನ್ನು ವಿಸರ್ಜಿಸಿ, ಮ್ಯಾಜಿಸ್ಟ್ರೇಟರ ಕೈಯಿಂದ ಪೊಲೀಸ್ ಅಧಿಕಾರವನ್ನು ಕಿತ್ತುಕೊಂಡು, ಅವರನ್ನು ಕೇವಲ ನ್ಯಾಯಾಧಿಕಾರಿಗಳನ್ನಾಗಿ ಮಾಡಿದವು. ಕಾನೂನಿನ ದೃಷ್ಟಿಯಲ್ಲಿ ಎರಡೂ ಅಂದಿನಿಂದ ಬೇರೆ. ಆದರೆ ಜನರ ಬಾಯಲ್ಲೂ ಸರ್ಕಾರಿ ಕಾಗದಗಳಲ್ಲೂ ಈ ನ್ಯಾಯಾಲಯಗಳಿಗೆ ಪೊಲೀಸ್ ಕೋರ್ಟ್ ಎಂಬ ಹೆಸರೇ ಉಳಿಯಿತು. ಅದನ್ನು ಕಾನೂನಿನ ಮೂಲಕ ಕೈಬಿಟ್ಟದ್ದು 1949ರಲ್ಲಿ.

ಹೊಸ ಕಟ್ಟಡದ ಅಗತ್ಯ ಹುಟ್ಟಿದ್ದು ಇಕ್ಕಟ್ಟಿನಿಂದ. ರಸ್ತೆಯ ಪಶ್ಚಿಮಕ್ಕಿದ್ದ 3 ಮತ್ತು 4ನೇ ನಂಬರಿನ ಹಳೆಯ ವಾಸದ ಮನೆಗಳಲ್ಲಿಯೇ ನ್ಯಾಯಾಲಯ ನಡೆಯುತ್ತಿತ್ತು. 1832ರಿಂದ ಮೆಟ್ರೊಪಾಲಿಟನ್ ಪೊಲೀಸರ ಠಾಣೆ ರಸ್ತೆಯ ಆಚೆ ಬದಿಯಲ್ಲಿತ್ತು. ಆರೋಪಿಗಳನ್ನು ಠಾಣೆಯಿಂದ ನ್ಯಾಯಾಲಯಕ್ಕೆ ಕರೆದೊಯ್ಯಬೇಕಾದರೆ ತರಕಾರಿ ಗಾಡಿ, ನಾಟಕದ ಜನ, ಕುತೂಹಲಿಗಳ ಗುಂಪು ಎಲ್ಲವನ್ನೂ ದಾಟಬೇಕಿತ್ತು. ಆಗ ಕವೆಂಟ್ ಗಾರ್ಡನ್ ಪ್ರದೇಶದ ಜಮೀನೆಲ್ಲ ಬೆಡ್‌ಫರ್ಡ್ ಡ್ಯೂಕರ ಮನೆತನದ್ದಾಗಿತ್ತು. 1876ರಲ್ಲಿ ಡ್ಯೂಕರು ರಸ್ತೆಯ ಪೂರ್ವ ಬದಿಯ ನಿವೇಶನವೊಂದನ್ನು ವರ್ಷಕ್ಕೆ 100 ಪೌಂಡ್ ಬಾಡಿಗೆಯ ಮೇಲೆ ಸರ್ಕಾರದ ಕಾಮಗಾರಿ ಇಲಾಖೆಗೆ ಕೊಟ್ಟರು. ಆ ಇಲಾಖೆಯ ವಾಸ್ತುಶಿಲ್ಪಿ ಜಾನ್ ಟೇಲರ್, ಮುಂದೆ ಸರ್ ಪದವಿ ಪಡೆದವರು, ವಿನ್ಯಾಸ ಮಾಡಿದರು. ಒಟ್ಟು ಖರ್ಚು 38,400 ಪೌಂಡ್. ಬಾಗಿಲ ಮೇಲಿನ ಕಲ್ಲಿನಲ್ಲಿ 1879 ಎಂದು ಕೆತ್ತಿದ್ದರೂ ಕೆಲಸ ಮುಗಿದದ್ದು 1881ರಲ್ಲಿ.

ಟೇಲರ್ ಸ್ವಂತ ಹೆಸರಿನಲ್ಲಿ ವೃತ್ತಿ ನಡೆಸಿದ ವಾಸ್ತುಶಿಲ್ಪಿಯಲ್ಲ. ಅವರು ಸರ್ಕಾರಿ ನೌಕರರು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಒಳಗಿನ ದೊಡ್ಡ ಮೆಟ್ಟಿಲಸಾಲು ಕೂಡ ಅವರದೇ ಕೆಲಸ. ಇಂಥ ವಾಸ್ತುಶಿಲ್ಪಿಗಳ ಹೆಸರು ಸಾಮಾನ್ಯವಾಗಿ ಇತಿಹಾಸದ ಅಡಿಟಿಪ್ಪಣಿಯಲ್ಲಿ ಉಳಿಯುತ್ತದೆ, ಆದರೆ ನಗರವೊಂದರ ದಿನನಿತ್ಯದ ಮುಖವನ್ನು ರೂಪಿಸುವವರು ಅವರೇ. ಬೋ ಸ್ಟ್ರೀಟಿನಲ್ಲಿ ಅವರ ಮುಂದೆ ಒಂದು ಆಯ್ಕೆಯಿತ್ತು. ಆ ಕಾಲದಲ್ಲಿ ನ್ಯಾಯಾಲಯವೆಂದರೆ ಚೂಪುಕಮಾನು, ಗೋಪುರ, ಶಿಖರಗಳಿರುವ ಗಾಥಿಕ್ ಶೈಲಿಯೇ ಸರಿ ಎಂಬ ಅಭಿಪ್ರಾಯ ಬಲವಾಗಿತ್ತು. ಮ್ಯಾಂಚೆಸ್ಟರಿನ ಅಸೈಜ್ ನ್ಯಾಯಾಲಯ 1864ರಲ್ಲಿ ಹಾಗೆಯೇ ತಲೆಯೆತ್ತಿತ್ತು. ಬೋ ಸ್ಟ್ರೀಟಿನಿಂದ ಸ್ವಲ್ಪವೇ ನಡಿಗೆಯ ದೂರದ ಸ್ಟ್ರ್ಯಾಂಡ್ ರಸ್ತೆಯಲ್ಲಿ ಜಿ. ಇ. ಸ್ಟ್ರೀಟ್ ಅವರ ವಿನ್ಯಾಸದ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಅದೇ ಹೊತ್ತಿನಲ್ಲಿ ಮೇಲೇಳುತ್ತಿತ್ತು, 1882ರಲ್ಲಿ ಅದರ ಉದ್ಘಾಟನೆಯಾಯಿತು. ಟೇಲರ್ ಆ ದಾರಿ ಹಿಡಿಯಲಿಲ್ಲ. ಅವರು ಗ್ರೀಕ್ ಮತ್ತು ರೋಮನ್ ಮೂಲದ ಅಂಶಗಳನ್ನು ಬೆರೆಸಿದ ಶಾಸ್ತ್ರೀಯ ಶೈಲಿಯನ್ನು ಆರಿಸಿಕೊಂಡರು.

ಆ ಆಯ್ಕೆಗೆ ಎದುರಿನ ಕಟ್ಟಡವೇ ಅರ್ಧ ಕಾರಣವಿರಬೇಕು. ಇ. ಎಂ. ಬ್ಯಾರಿ 1858ರಲ್ಲಿ ಮುಗಿಸಿದ ಒಪೆರಾ ಹೌಸ್ ಎತ್ತರದ ಕೊರಿಂಥಿಯನ್ ಕಂಬಗಳ ಮುಖಮಂಟಪ ಹೊತ್ತು ನಿಂತಿದೆ. ಅದರೆದುರು ಗಾಥಿಕ್ ಶಿಖರವೊಂದು ಎದ್ದಿದ್ದರೆ ಕಿರಿದಾದ ರಸ್ತೆಯಲ್ಲಿ ಎರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆದರೆ ಟೇಲರ್ ಒಪೆರಾ ಹೌಸ್‌ನೊಂದಿಗೆ ಪೈಪೋಟಿಗೂ ಇಳಿಯಲಿಲ್ಲ. ಕಂಬಸಾಲುಗಳ ವೈಭವವನ್ನು ಅದಕ್ಕೇ ಬಿಟ್ಟುಕೊಟ್ಟು, ತಮ್ಮ ಕಟ್ಟಡಕ್ಕೆ ತೂಕವನ್ನು ತಂದುಕೊಂಡರು. ನೆಲಮಟ್ಟದಲ್ಲಿ ಕಲ್ಲಿನ ಸಾಲುಗಳ ನಡುವಿನ ಸಂದುಗಳನ್ನು ಬೇಕೆಂದೇ ಆಳವಾಗಿ ಕೊರೆದು, ಪ್ರತಿ ಕಲ್ಲೂ ಬಿಡಿಬಿಡಿಯಾಗಿ ಉಬ್ಬಿ ಕಾಣುವಂತೆ ಮಾಡಲಾಗಿದೆ. ಇದರಿಂದ ಕಟ್ಟಡದ ಬುಡ ದಪ್ಪನಾಗಿ, ಅಲುಗಾಡದಂತೆ ಕಾಣುತ್ತದೆ. ರೋಮನ್ ಕಾಲದಿಂದಲೂ ಕೋಟೆ, ಖಜಾನೆ, ಸೆರೆಮನೆಗಳಿಗೆ ವಾಸ್ತುಶಿಲ್ಪಿಗಳು ಬಳಸುತ್ತ ಬಂದ ಉಪಾಯವಿದು. ಬೋ ಸ್ಟ್ರೀಟಿನ ಕಡೆಗೆ ಎಡಬಲಗಳು ಸರಿಸಮವಾಗಿರುವ ಮುಖವಿದೆ. ಬ್ರಾಡ್ ಕೋರ್ಟ್ ಎಂಬ ಓಣಿ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ದುಂಡಗೆ ತಿರುಗಿಸಲಾಗಿದೆ. ಹೀಗೆ ಕಟ್ಟಡ ರಸ್ತೆಯಲ್ಲೇ ನಿಂತುಬಿಡದೆ ಓಣಿಯೊಳಗೂ ಹರಿದು, ತನ್ನ ಹಿಂದೆ ಇನ್ನಷ್ಟು ಜಾಗವಿದೆ ಎಂಬುದನ್ನು ಸೂಚಿಸುತ್ತದೆ.

ಕಲ್ಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಇದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಸೀಮೆಯಿಂದ ಬರುವ ಪೋರ್ಟ್‌ಲೆಂಡ್ ಸುಣ್ಣಕಲ್ಲು. ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದ್ದೂ ಇದರಿಂದಲೇ. ಮಳೆ ಬೀಳುವ ಭಾಗ ತೊಳೆದುಕೊಂಡು ಬೆಳ್ಳಗಾಗುತ್ತ ಹೋಗುತ್ತದೆ, ಮಳೆ ತಾಗದ ಚಾಚುಗಳ ಅಡಿಯಲ್ಲಿ ಕಲ್ಲಿದ್ದಲಿನ ಮಸಿ ಕಪ್ಪಾಗಿ ಕೂರುತ್ತದೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಹೊಗೆಯಲ್ಲಿ ಇಂಥ ಕಟ್ಟಡಗಳ ಗೋಡೆಯ ಮೇಲೆ ಬಿಳಿ ಮತ್ತು ಕಪ್ಪಿನ ಗೆರೆಗಳು ತಾವಾಗಿಯೇ ಮೂಡುತ್ತಿದ್ದವು. ಈಗ ಶುಚಿಗೊಳಿಸಿದ ಕಲ್ಲನ್ನು ನೋಡುವವರಿಗೆ ವಿಕ್ಟೋರಿಯಾ ಕಾಲದ ಜನ ಕಂಡ ಗಡಸು ಮುಖ ಕಾಣುವುದಿಲ್ಲ.

ಒಳಗಿನ ರಚನೆ ಇನ್ನೂ ಸೂಕ್ಷ್ಮವಾದದ್ದು. ಇಂಥ ಕಟ್ಟಡಕ್ಕೆ ಬರುವವರು ನಾಲ್ಕು ಬಗೆಯವರು: ಮ್ಯಾಜಿಸ್ಟ್ರೇಟರು ಮತ್ತು ಗುಮಾಸ್ತರು, ಪೊಲೀಸರು, ಬಂಧಿತರು, ಸಾರ್ವಜನಿಕರು. ನಾಲ್ವರೂ ನ್ಯಾಯಾಲಯದ ಸಭಾಂಗಣದಲ್ಲಿ ಸೇರಬೇಕು, ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ಒಬ್ಬರನ್ನೊಬ್ಬರು ಸಂಧಿಸಬಾರದು. ಸಾಕ್ಷಿಯೊಬ್ಬನನ್ನು ಹಾದಿಯಲ್ಲೇ ಹೆದರಿಸುವ ಅವಕಾಶ ಆರೋಪಿಯ ಕಡೆಯವರಿಗೆ ಸಿಗಬಾರದು. ಮ್ಯಾಜಿಸ್ಟ್ರೇಟರು ಪೊಲೀಸರೊಂದಿಗೆ ಮೊಗಸಾಲೆಯಲ್ಲಿ ಮಾತಾಡುತ್ತ ಒಳಬಂದರೆಂಬ ಅನುಮಾನಕ್ಕೂ ಎಡೆಯಿರಬಾರದು. ಆದ್ದರಿಂದ ವಿಕ್ಟೋರಿಯಾ ಕಾಲದ ನ್ಯಾಯಾಲಯದ ನಕ್ಷೆಯನ್ನು ನಿರ್ಧರಿಸುತ್ತಿದ್ದುದು ಬಾಗಿಲು ಮತ್ತು ಓಣಿಗಳ ಲೆಕ್ಕಾಚಾರ. ಬೋ ಸ್ಟ್ರೀಟಿನಲ್ಲಿ ನ್ಯಾಯಾಲಯಕ್ಕೂ ಠಾಣೆಗೂ ಬೇರೆಬೇರೆ ಬಾಗಿಲುಗಳಿದ್ದವು, ನಡುವೆ ಅಂಗಳವಿತ್ತು. ಕುದುರೆ ಎಳೆಯುವ ಕೈದಿಗಳ ವ್ಯಾನು ಅಂಗಳದೊಳಕ್ಕೆ ಬಂದು ನಿಂತರೆ ಬಂಧಿತರನ್ನು ಬೀದಿಯ ಕಣ್ಣಿಗೆ ಬೀಳದಂತೆ ಇಳಿಸಬಹುದಿತ್ತು, ಹತ್ತಿಸಬಹುದಿತ್ತು. ಒಳಗೆ ಮ್ಯಾಜಿಸ್ಟ್ರೇಟರ ಪೀಠ ಎತ್ತರದಲ್ಲಿ, ಅದಕ್ಕೆ ಎದುರಾಗಿ ಕಟಕಟೆ, ಎರಡರ ನಡುವೆ ವಕೀಲರು ಮತ್ತು ಗುಮಾಸ್ತರ ಮೇಜುಗಳು, ಹಿಂದೆ ಸಾರ್ವಜನಿಕರು. ಅಧಿಕಾರ ಯಾರದು, ಅಳುಕು ಯಾರದು ಎಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿಯುವಂಥ ಜೋಡಣೆ.

ಹಾಗಾದರೆ ಎರಡನ್ನೂ ಒಟ್ಟಿಗೇ ಕಟ್ಟಿದ್ದೇಕೆ? ಕಾರಣ ಬಹುಮಟ್ಟಿಗೆ ಸಮಯದ್ದು. ರಾತ್ರಿ ಹಿಡಿದವನನ್ನು ಬೆಳಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಲಾಕಪ್ಪು ಹತ್ತಿರವಿದ್ದಷ್ಟೂ ಅದು ಸುಲಭ, ಬಂಧಿತನನ್ನು ವಿನಾಕಾರಣ ಇಟ್ಟುಕೊಳ್ಳುವ ನೆಪವೂ ಕಡಿಮೆ. ಬಂಧಿತನನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ನಮ್ಮ ಸಂವಿಧಾನದ 22ನೇ ವಿಧಿ ಹೇಳುವುದರ ಹಿಂದೆಯೂ ಇದೇ ಕಾಳಜಿಯಿದೆ. ಸಾಮೀಪ್ಯ ಎಂಬುದು ಒಂದು ಕಡೆಯಿಂದ ಅನುಮಾನಕ್ಕೆ ಕಾರಣ, ಇನ್ನೊಂದು ಕಡೆಯಿಂದ ರಕ್ಷಣೆ. ಟೇಲರ್ ಈ ಎರಡನ್ನೂ ಒಂದೇ ನಕ್ಷೆಯಲ್ಲಿ ತೂಗಿಸಬೇಕಾಗಿತ್ತು.

ಇಲ್ಲಿ ನಡೆಯುತ್ತಿದ್ದ ಕೆಲಸವನ್ನು ತಿಳಿಯದಿದ್ದರೆ ಕಟ್ಟಡದ ಪ್ರಸಿದ್ಧಿಯೂ ಒಗಟಾಗಿಯೇ ಉಳಿಯುತ್ತದೆ. ಕುಡಿದು ಗಲಾಟೆ, ಜೇಬುಗಳ್ಳತನ, ಹೊಡೆದಾಟದಂಥ ಸಣ್ಣ ಪ್ರಕರಣಗಳನ್ನು ಮ್ಯಾಜಿಸ್ಟ್ರೇಟರು ಜ್ಯೂರಿಯಿಲ್ಲದೆ ಅಲ್ಲೇ ತೀರ್ಮಾನಿಸುತ್ತಿದ್ದರು. ಕೊಲೆ, ರಾಜದ್ರೋಹದಂಥ ಗಂಭೀರ ಅಪರಾಧಗಳಲ್ಲಿ ಅವರು ಮಾಡುತ್ತಿದ್ದುದು ಪ್ರಾಥಮಿಕ ವಿಚಾರಣೆ ಮಾತ್ರ. ಮೇಲ್ನೋಟಕ್ಕೆ ಸಾಕಷ್ಟು ಸಾಕ್ಷ್ಯವಿದ್ದರೆ ಆರೋಪಿಯನ್ನು ಮೇಲಿನ ನ್ಯಾಯಾಲಯಕ್ಕೆ ಒಪ್ಪಿಸುತ್ತಿದ್ದರು. 1895ರ ಏಪ್ರಿಲ್ 5ರಂದು ಬಂಧಿತನಾದ ಆಸ್ಕರ್ ವೈಲ್ಡ್ ಆ ರಾತ್ರಿಯನ್ನು ಬೋ ಸ್ಟ್ರೀಟಿನ ಲಾಕಪ್ಪಿನಲ್ಲಿ ಕಳೆದು ಮರುದಿನ ಇಲ್ಲಿನ ಕಟಕಟೆಯಲ್ಲಿ ನಿಂತ. ಶಿಕ್ಷೆಯಾದದ್ದು ಗಂಭೀರ ಅಪರಾಧಗಳ ಮೇಲಿನ ನ್ಯಾಯಾಲಯವಾದ ಓಲ್ಡ್ ಬೈಲಿಯಲ್ಲಿ. ಹೆಂಡತಿಯ ಕೊಲೆ ಆರೋಪ ಹೊತ್ತ ವೈದ್ಯ ಕ್ರಿಪ್ಪೆನ್, ಹಡಗಿನಿಂದ ಹೋದ ವೈರ್‌ಲೆಸ್ ಸಂದೇಶದಿಂದಾಗಿ ಸಿಕ್ಕಿಬಿದ್ದು 1910ರಲ್ಲಿ ಇಲ್ಲಿಗೆ ಬಂದ. ಐರ್ಲೆಂಡಿನ ಬಂಡಾಯಕ್ಕಾಗಿ ಜರ್ಮನಿಯ ನೆರವು ಕೋರಿದ್ದ ರೋಜರ್ ಕೇಸ್‌ಮೆಂಟ್ 1916ರಲ್ಲಿ ಬಂದ. ಇವರೆಲ್ಲರಿಗೂ ಬೋ ಸ್ಟ್ರೀಟ್ ಮೊದಲ ಬಾಗಿಲು.

ಪ್ರಸಿದ್ಧ ವಿಚಾರಣೆಯೊಂದು ಈ ಸಭಾಂಗಣದಲ್ಲೇ ಆರಂಭವಾಗಿ ಇಲ್ಲಿಯೇ ಮುಗಿಯಿತು, ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. 1908ರ ಅಕ್ಟೋಬರಿನಲ್ಲಿ, ಮಹಿಳೆಯರಿಗೆ ಮತದಾನದ ಹಕ್ಕು ಕೇಳುತ್ತಿದ್ದ ಎಮ್ಮಲೀನ್ ಪ್ಯಾಂಕ್‌ಹರ್ಸ್ಟ್, ಆಕೆಯ ಮಗಳು ಕ್ರಿಸ್ಟಬೆಲ್ ಮತ್ತು ಫ್ಲೋರಾ ಡ್ರಮಂಡ್ ಅವರ ಮೇಲೆ, ಪಾರ್ಲಿಮೆಂಟಿನ ಕೆಳಮನೆಗೆ ನುಗ್ಗುವಂತೆ ಜನರಿಗೆ ಕರೆಕೊಡುವ ಕರಪತ್ರ ಹಂಚಿ ಶಾಂತಿಭಂಗಕ್ಕೆ ಪ್ರಚೋದಿಸಿದರೆಂಬ ಆರೋಪ ಬಂತು. ಕ್ರಿಸ್ಟಬೆಲ್ ಮ್ಯಾಂಚೆಸ್ಟರಿನಲ್ಲಿ ಕಾನೂನು ಪದವಿ ಪಡೆದಿದ್ದರೂ ಹೆಣ್ಣೆಂಬ ಕಾರಣಕ್ಕೆ ವಕೀಲಿ ಮಾಡುವಂತಿರಲಿಲ್ಲ. ಆರೋಪಿಯಾಗಿ ನಿಂತಾಗ ಮಾತ್ರ ತನ್ನ ಪರವಾಗಿ ತಾನೇ ಪ್ರಶ್ನೆ ಕೇಳುವ ಹಕ್ಕು ಆಕೆಗಿತ್ತು. ಆಕೆ ಆ ಹಕ್ಕನ್ನು ಪೂರ್ತಿಯಾಗಿ ಬಳಸಿ, ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ಮತ್ತು ಗೃಹಮಂತ್ರಿ ಹರ್ಬರ್ಟ್ ಗ್ಲ್ಯಾಡ್‌ಸ್ಟನ್ ಇಬ್ಬರನ್ನೂ ಸಾಕ್ಷಿಗಳಾಗಿ ಕರೆಸಿದಳು. ಕರಪತ್ರದ ಕರೆಯಂತೆ ಸೇರಿದ್ದ ಗುಂಪನ್ನು ನೋಡಲು ಲಾಯ್ಡ್ ಜಾರ್ಜ್ ತನ್ನ ಆರು ವರ್ಷದ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದನೆಂಬುದು ಪ್ರಶ್ನೆಗಳಲ್ಲಿ ಹೊರಬಿತ್ತು. ಮಂತ್ರಿಯೇ ಪುಟ್ಟ ಮಗುವಿನೊಂದಿಗೆ ಹೋಗಬಹುದಾದಷ್ಟು ಸುರಕ್ಷಿತವಾಗಿದ್ದ ಗುಂಪಿನಿಂದ ಶಾಂತಿಭಂಗದ ಭಯ ಎಲ್ಲಿಂದ ಬಂತೆಂಬ ವಾದ ಅದರಿಂದ ತಾನಾಗಿಯೇ ಎದ್ದು ನಿಂತಿತು. ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಲಿಲ್ಲ. ತಾಯಿಗೂ ಡ್ರಮಂಡರಿಗೂ ಮೂರು ತಿಂಗಳು, ಕ್ರಿಸ್ಟಬೆಲ್‌ಗೆ ಹತ್ತು ವಾರದ ಸೆರೆವಾಸ ವಿಧಿಸಿದರು. ಆದರೆ ಕಟಕಟೆಯಿಂದ ಎದ್ದ ಪ್ರಶ್ನೆಗಳು ಮರುದಿನದ ಪತ್ರಿಕೆಗಳಲ್ಲಿ ದೇಶವಿಡೀ ಓದಲ್ಪಟ್ಟವು. ಅಳುಕು ಹುಟ್ಟಿಸಲೆಂದೇ ಜೋಡಿಸಿದ ಸಭಾಂಗಣವನ್ನು ಆಕೆ ಬುದ್ಧಿಯ ಬಲದಿಂದ ತಿರುವಿಹಾಕಿದಳೆಂದೇ ನಾನು ಭಾವಿಸುತ್ತೇನೆ.

ಠಾಣೆಯ ಭಾಗಕ್ಕೂ ತನ್ನದೇ ಚರಿತ್ರೆಯಿದೆ. ಅದು ಲಾಕಪ್ ಮಾತ್ರವಾಗಿರಲಿಲ್ಲ, ಮದುವೆಯಾಗದ ಪೇದೆಗಳ ವಸತಿಯೂ ಆಗಿತ್ತು. ಒಂದೇ ಕಡೆ ಉಂಡು ಮಲಗುವ ಜನರ ನಡುವೆ ಅಸಮಾಧಾನ ಬೇಗ ಹಬ್ಬುತ್ತದೆ: 1890ರ ಜುಲೈನಲ್ಲಿ ವೇತನ ಮತ್ತು ಕೆಲಸದ ಸ್ಥಿತಿಗತಿಯ ಕುರಿತ ಅತೃಪ್ತಿ ಸಿಡಿದು, ಬೋ ಸ್ಟ್ರೀಟಿನ ಪೇದೆಗಳು ಗಸ್ತಿಗೆ ಹೋಗಲು ನಿರಾಕರಿಸಿದರು. ರಸ್ತೆಯಲ್ಲಿ ಸೇರಿದ ಗುಂಪನ್ನು ಚದುರಿಸಲು ಸೈನ್ಯದ ಕುದುರೆ ಸವಾರರನ್ನು ಕರೆಸಬೇಕಾಯಿತು, ಹಲವರು ಕೆಲಸ ಕಳೆದುಕೊಂಡರು.

ಠಾಣೆಯ ದೀಪದ ಕಥೆಯನ್ನು ಲಂಡನ್ನಿನ ಮಾರ್ಗದರ್ಶಿಗಳು ಇಂದಿಗೂ ಹೇಳುತ್ತಾರೆ. 1861ರಿಂದ ಮೆಟ್ರೊಪಾಲಿಟನ್ ಠಾಣೆಗಳ ಮುಂದೆ ನೀಲಿ ದೀಪ ಹಾಕುವ ಪದ್ಧತಿ ಬಂದರೂ ಇಲ್ಲಿ ಬಿಳಿ ದೀಪವಿತ್ತು. ಒಪೆರಾ ನೋಡಲು ಬರುವ ವಿಕ್ಟೋರಿಯಾ ರಾಣಿಗೆ, ಪತಿ ಆಲ್ಬರ್ಟ್ ವಿಂಡ್ಸರ್ ಅರಮನೆಯ ನೀಲಿ ಕೋಣೆಯಲ್ಲಿ ತೀರಿಕೊಂಡ ನೆನಪು ಆಗದಿರಲೆಂದು ಹಾಗೆ ಮಾಡಿದರಂತೆ. ಕಥೆ ಮನಮುಟ್ಟುವಂತಿದೆ, ಆದರೆ ನಂಬುವುದು ಕಷ್ಟ. ಆಲ್ಬರ್ಟ್ ತೀರಿಕೊಂಡದ್ದು 1861ರ ಡಿಸೆಂಬರಿನಲ್ಲಿ. ಅದಾದ ಮೇಲೆ ರಾಣಿ ಸಾರ್ವಜನಿಕ ರಂಗಮಂದಿರಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು, ಈ ಕಟ್ಟಡ ಸಿದ್ಧವಾದದ್ದೋ ಇಪ್ಪತ್ತು ವರ್ಷಗಳ ನಂತರ.

ಬೋ ಸ್ಟ್ರೀಟಿಗೂ ಭಾರತಕ್ಕೂ ಇರುವ ನಂಟು ಕಾನೂನಿನ ಮೂಲಕ ಬಂದದ್ದು. ವಿದೇಶದಲ್ಲಿ ಅಪರಾಧ ಮಾಡಿ ಬ್ರಿಟನ್ನಿಗೆ ಬಂದವರನ್ನು ಆಯಾ ದೇಶಕ್ಕೆ ಒಪ್ಪಿಸುವ ವಿಚಾರಣೆಯನ್ನು 1870ರ ಹಸ್ತಾಂತರ ಕಾಯ್ದೆ ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟರಿಗೆ ವಹಿಸಿತ್ತು. ಸಾಮ್ರಾಜ್ಯದೊಳಗಿನ ಪ್ರದೇಶಗಳಿಗೆ ಆರೋಪಿಗಳನ್ನು ಕಳುಹಿಸಲು 1881ರಲ್ಲಿ ಇನ್ನೊಂದು ಕಾಯ್ದೆ ಬಂತು. ಅದರ ಅಡಿಯಲ್ಲಿಯೇ, 1910ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಬಂಧಿತರಾದ ವಿನಾಯಕ ದಾಮೋದರ ಸಾವರ್ಕರ್ ಅವರನ್ನು ಭಾರತಕ್ಕೆ ಕಳುಹಿಸುವ ಆದೇಶ ಇಲ್ಲಿ ಹೊರಬಿತ್ತು. ಆ ಹಡಗಿನ ಪ್ರಯಾಣದಲ್ಲಿಯೇ ಅವರು ಮಾರ್ಸೇಲ್ಸ್ ಬಂದರಿನಲ್ಲಿ ಸಮುದ್ರಕ್ಕೆ ಹಾರಿದ್ದು. ತೊಂಬತ್ತು ವರ್ಷಗಳಷ್ಟು ಕಾಲ ಕಳೆದ ಮೇಲೂ ಇದೇ ಅಧಿಕಾರ ಸುದ್ದಿಯಾಯಿತು: ಚಿಲಿಯ ಮಾಜಿ ಸರ್ವಾಧಿಕಾರಿ ಆಗಸ್ಟೊ ಪಿನೊಶೆಯನ್ನು ಸ್ಪೇನಿಗೆ ಒಪ್ಪಿಸಬಹುದೆಂದು 1999ರ ಅಕ್ಟೋಬರ್ 8ರಂದು ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟ್ ತೀರ್ಪಿತ್ತರು. ಅನಾರೋಗ್ಯದ ಕಾರಣದಿಂದ ಸರ್ಕಾರ ಅವನನ್ನು ಮರುವರ್ಷ ಮನೆಗೆ ಕಳುಹಿಸಿತು.

ಠಾಣೆ 1992ರಲ್ಲಿ ಮುಚ್ಚಿತು. ಹಳೆಯ ಕಟ್ಟಡವನ್ನು ಇಂದಿನ ಅಗತ್ಯಗಳಿಗೆ ಹೊಂದಿಸುವುದು ದುಬಾರಿಯೆಂದು ತೀರ್ಮಾನವಾಗಿ, 2006ರ ಜುಲೈ 14ರಂದು ನ್ಯಾಯಾಲಯವೂ ತನ್ನ ಕೊನೆಯ ಕಲಾಪ ನಡೆಸಿತು. ಅಲ್ಲಿನ ಕೆಲಸ ಮೊದಲು ಹಾರ್ಸ್‌ಫೆರ್ರಿ ರಸ್ತೆಗೂ, 2011ರಲ್ಲಿ ಮ್ಯಾರಿಲೆಬೋನ್ ರಸ್ತೆಯ ಹೊಸ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೂ ಹೋಯಿತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರನ್ನು ಭಾರತಕ್ಕೆ ಒಪ್ಪಿಸುವ ಪ್ರಕರಣದ ವಿಚಾರಣೆ ನಡೆದು, 2018ರ ಡಿಸೆಂಬರ್ 10ರಂದು ಮುಖ್ಯ ಮ್ಯಾಜಿಸ್ಟ್ರೇಟ್ ಎಮ್ಮಾ ಆರ್ಬತ್‌ನಾಟ್ ತೀರ್ಪು ನೀಡಿದ್ದು ಅಲ್ಲಿಯೇ. ಆ ಆಧುನಿಕ ಕಟ್ಟಡದ ಅಧಿಕಾರ, ಬೋ ಸ್ಟ್ರೀಟಿನಿಂದ ವರ್ಗವಾಗಿ ಬಂದದ್ದು.

ಹಳೆಯ ಕಟ್ಟಡ ಎರಡನೇ ದರ್ಜೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿರುವುದರಿಂದ ಅದನ್ನು ಕೆಡವುವಂತಿರಲಿಲ್ಲ. ಹಲವು ವರ್ಷ ಖಾಲಿ ಬಿದ್ದು, ಕೈಯಿಂದ ಕೈಗೆ ಮಾರಾಟವಾಗಿ, 2021ರಲ್ಲಿ ಅದು ನೋಮ್ಯಾಡ್ ಹೋಟೆಲಾಗಿ ತೆರೆಯಿತು. ನಡುವಿನ ಅಂಗಳಕ್ಕೆ ಗಾಜಿನ ಸೂರು ಹೊದಿಸಿ ಊಟದ ಮನೆ ಮಾಡಲಾಗಿದೆ. ನ್ಯಾಯಾಲಯದ ಸಭಾಂಗಣ ಸಮಾರಂಭಗಳಿಗೆ ಬಾಡಿಗೆಗೆ ಸಿಗುತ್ತದೆ. ಕಟ್ಟಡ ಉಳಿಯಿತೆಂಬ ಸಮಾಧಾನ ನನಗಿದೆ, ಆದರೆ ಅಂಗಳದ ವಿಷಯದಲ್ಲಿ ಅಷ್ಟು ಸಮಾಧಾನವಿಲ್ಲ. ನಾಲ್ಕು ಬಗೆಯ ಜನರನ್ನು ಬೇರ್ಪಡಿಸಿ ಇಡುವುದೇ ಆ ನಕ್ಷೆಯ ಅರ್ಥವಾಗಿತ್ತು. ಎಲ್ಲರೂ ಒಂದೇ ಕಡೆ ಕೂತು ಉಣ್ಣುವ ಜಾಗವಾದ ಮೇಲೆ ಆ ಅರ್ಥವನ್ನು ಯಾರಾದರೂ ಬಿಡಿಸಿ ಹೇಳದೆ ಕಾಣಿಸುವುದಿಲ್ಲ.

ಅದನ್ನು ಹೇಳುವ ಕೆಲಸ ಠಾಣೆಯ ಒಂದು ಭಾಗದಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ ಆರಂಭವಾದ ಬೋ ಸ್ಟ್ರೀಟ್ ಪೊಲೀಸ್ ಮ್ಯೂಸಿಯಂ ಪಾಲಿಗೆ ಬಂದಿದೆ. ಮಾರ್ಟ್‌ಲೆಟ್ ಕೋರ್ಟ್ ಎಂಬ ಪಕ್ಕದ ಓಣಿಯಿಂದ ಒಳಹೋದರೆ ಹಳೆಯ ಲಾಕಪ್ಪಿನ ಕೋಣೆಗಳು ಸಿಗುತ್ತವೆ: ಅಗಲ ಕಡಿಮೆ, ದಪ್ಪ ಬಾಗಿಲು, ಕಾವಲಿನವನು ಇಣುಕಲು ಬಾಗಿಲಲ್ಲೊಂದು ಕಿಂಡಿ. ಅವುಗಳ ಜೊತೆಗೆ, ಬೀದಿಯಲ್ಲಿ ಸಿಕ್ಕ ಕುಡುಕರನ್ನೆಲ್ಲ ಒಟ್ಟಿಗೆ ಹಾಕುತ್ತಿದ್ದ ದೊಡ್ಡ ಕೋಣೆಯೂ ಇದೆ. ಪೇದೆಗಳು ಅದನ್ನು ಟ್ಯಾಂಕ್ ಎನ್ನುತ್ತಿದ್ದರು. ನ್ಯಾಯಾಲಯದಿಂದ ತಂದ ಕಟಕಟೆಯನ್ನೂ ಅಲ್ಲಿಟ್ಟಿದ್ದಾರೆ. ಕೋಣೆಯಿಂದ ಕಟಕಟೆಯವರೆಗೆ ಬಂಧಿತನೊಬ್ಬ ನಡೆಯುತ್ತಿದ್ದ ದೂರವನ್ನು ಊಹಿಸಿಕೊಳ್ಳುವುದಕ್ಕೆ ಇವೆರಡು ಸಾಕು. ಲಂಡನ್ನಿಗೆ ಹೋಗುವ ಕನ್ನಡಿಗರು ಒಪೆರಾ ಹೌಸ್‌ನ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ಒಮ್ಮೆ ಹಿಂದಿರುಗಿ ನೋಡಿದರೆ, 1879 ಎಂದು ಕೆತ್ತಿದ ಬಾಗಿಲು ರಸ್ತೆಯ ಆಚೆಗೇ ಇದೆ.